ಬಿದಿಗೆಯ ಸಾಕ್ಷಿ

ಮಣೆಯ ಮೂಲೆ ತೊಡೆಗೆ ಚುಚ್ಚುತ್ತಿದೆ, ಟವೆಲ್ಲಿನಲ್ಲಿ ಎರಡು ಸುತ್ತು ಸುತ್ತಿದ್ದರೂ ಮೂಲೆ ಮೂಲೆಯೇ, ಈ ಎಸ್‌ಟಿ ಬಸ್ಸು ತಗ್ಗು ಕಂಡಲ್ಲೆಲ್ಲ ಎತ್ತಿ ಕುಕ್ಕುತ್ತದೆ, ಪಕ್ಕದ ಹೆಂಗಸಿನ ಮೊಣಕೈಗೂ ತಾಗಿರಬೇಕು, ಕಣ್ಣು ಕೆಂಪು ಮಾಡಿ ನೋಡಿದಳು, ನೋಡಲಿ ಬಿಡು — ಕಂಡಕ್ಟರ್ ಸೊಲ್ಲಾಪುರ ಸ್ಟ್ಯಾಂಡಿನಲ್ಲೇ ಕೇಳಿದ್ದ, ಬಾಯಾರ, ಏನ್ರಿ ಇದು, ಕ್ಯಾರಂ ಬೋರ್ಡೇನು, ಅಲ್ಲಪಾ ಮಣಿ ಐತಿ, ಕೂಡೋ ಮಣಿ, ಅಂದೆ, ಅಯ್ಯ, ಭಾವುಬೀಜಕ್ಕ ಮಣಿ ಹೊತಗೊಂಡು ಹೊಂಟವರನ್ನ ಇವತ್ತ ನೋಡಿದೆ ನೋಡ್ರಿ, ಅಂತ ಹೆಂಗಸರ ಅರ್ಧ ಟಿಕೀಟು ಹರಿದು ಕೊಟ್ಟು ನಗುತ್ತ ಮುಂದೆ ಹೋದ. ಅಣ್ಣತಮ್ಮಂದಿರಿಗೆ ಆರತಿ ಬೆಳಗುವ ದೀಪಾವಳಿಯ ಬಿದಿಗೆ ಇವತ್ತು, ಬಸ್ಸಿನ ತುಂಬ ಹೆಂಗಸರು, ಹೊಸ ಸೀರೆಯ ಗಂಜಿ ವಾಸನೆ, ಕರಂಜಿ ಚಕ್ಕುಲಿಯ ಡಬ್ಬಿಗಳು, ಎಲ್ಲರಿಗೂ ಒಬ್ಬೊಬ್ಬ ಅಣ್ಣನೋ ತಮ್ಮನೋ ಕಾಯುತ್ತಿದ್ದಾನೆ, ನನ್ನ ತಮ್ಮ ಸೋಮೇಶ ಕಾಯುತ್ತಿಲ್ಲ, ನಾನೇ ಏಳು ವರ್ಷದಿಂದ ಅವನನ್ನು ಕಾಯುತ್ತಿದ್ದೇನೆ, ಒಂದು ಶ್ರಾವಣದ ಬೆಳಿಗ್ಗೆ ದುಧನಿಗೆ ಹೋಗಿ ಬರ್ತೀನಿ ಅಂತ ಹೆಂಡತಿ ಉಜ್ವಲಾಗೆ ಹೇಳಿ ಅಕ್ಕಲಕೋಟೆಯ ಮನೆಯಿಂದ ಹೊರಟ, ಸಂಜೆ ಅವನ ಸ್ಕೂಟರ್ ದುಧನಿ ಸ್ಟೇಷನ್ನಿನ ಹೊರಗೆ ಸಿಕ್ಕಿತು, ಕೀಲಿ ಅದರಲ್ಲೇ ಇತ್ತು, ಅವನು ಸಿಗಲಿಲ್ಲ. ಅದಕ್ಕೆ ಮೊದಲು ಪ್ರತಿ ಭಾವುಬೀಜಕ್ಕೂ ಸೊಲ್ಲಾಪುರದ ನಮ್ಮ ಮನೆಗೆ ಬಂದು ಇದೇ ಮಣೆಯ ಮೇಲೆ ಕಾಲು ಮಡಚಿ ಕೂರುತ್ತಿದ್ದ, ಲಗೂನ ಬೆಳಗ ಅಕ್ಕಾ, ಹಸಿವ್ಯಾಗೇದ, ಅನ್ನುತ್ತಿದ್ದ. ಅವನು ಹೋದ ಮೇಲೂ ನಾನು ಮಣೆ ಹಾಕಿದೆ, ಸುತ್ತ ರಂಗೋಲಿ ಎಳೆದೆ, ಖಾಲಿ ಮಣೆಗೆ ಆರತಿ ಬೆಳಗಿದೆ, ವರ್ಷ ವರ್ಷವೂ ಬೆಳಗಿದೆ, ಪಕ್ಕದ ಮನೆಯ ಕಾಜಲ ಒಮ್ಮೆ ಮೆಲ್ಲಗೆ ಬಂದು, ಟೀಚರ್, ಅಣ್ಣ ತಮ್ಮ ಇಲ್ಲದವರು ಬಿದಿಗಿ ಚಂದ್ರಗ ಬೆಳಗತಾರಲ್ರಿ, ನೀವೂ — ಅವಳ ಮಾತು ಮುಗಿಯುವ ಮೊದಲೇ ಬಾಗಿಲು ಹಾಕಿಕೊಂಡೆ, ಇಲ್ಲದವರು ಬೆಳಗಲಿ, ನನಗೆ ಇದ್ದಾನೆ.

ಇದ್ದಾನೆ, ಅದಕ್ಕೇ ಸಹಿ ಹಾಕುವುದಿಲ್ಲ, ಇದೊಂದು ಮಾತು ಹೇಳಲಿಕ್ಕೆ ಇವತ್ತು ಈ ಬಸ್ಸು ಹತ್ತಿದ್ದು, ಫೋನಿನಲ್ಲಿ ಹೇಳಿಬಿಡಬಹುದಿತ್ತು, ಆದರೆ ಅಂಥ ಮಾತನ್ನು ಮುಖ ನೋಡಿ ಹೇಳಬೇಕು. ಉಜ್ವಲಾ ನರಕ ಚತುರ್ದಶಿಯ ದಿನ ಫೋನು ಮಾಡಿದ್ದಳು, ಅಕ್ಕಾರ, ಗುರುನಾಥ ವಕೀಲರು ಕಾಗದ ತಯಾರ ಮಾಡ್ಯಾರ, ಏಳು ವರ್ಷ ಸುದ್ದಿ ಇಲ್ಲಂತ ನಾನೂ ನೀವೂ ಬರದ ಕೊಟ್ಟರ ಕೋರ್ಟಿನ್ಯಾಗ ನಡೀತೈತಂತ, ಭಾವುಬೀಜಕ್ಕ ನೀವ ಬರ್ರಿ. ಸುದ್ದಿ ಇಲ್ಲ ಎಂದರೆ ಸತ್ತಂತೆ ಎಂದು ಕೋರ್ಟು ಹೇಳುತ್ತದೆ, ಕೋರ್ಟು ಹೇಳಿದರೆ ಸೋಮೇಶನ ಕಚೇರಿಯಲ್ಲಿ ಉಜ್ವಲಾಗೆ ಅನುಕಂಪದ ನೌಕರಿ ಸಿಗುತ್ತದೆ, ನಲವತ್ತೈದು ತುಂಬುವ ಮೊದಲೇ ಸಿಗಬೇಕು, ಅವಳಿಗೆ ಈಗ ನಲವತ್ತನಾಲ್ಕು, ಬರುವ ಶ್ರಾವಣಕ್ಕೆ ಆ ಬಾಗಿಲು ಮುಚ್ಚುತ್ತದೆ, ಆಮೇಲೆ ಮುದುಕಿಯಾಗುವವರೆಗೂ ಶೇಂಗಾ ಚಟ್ನಿ ಕುಟ್ಟಿ ಪಾಕೀಟು ಮಾಡುವುದೇ, ಅವಳ ಎರಡೂ ಅಂಗೈ ಖಾರಕ್ಕೆ ಸುಟ್ಟು ಕೆಂಪಾಗಿವೆ, ನಾನು ನೋಡಿಲ್ಲವೇ, ನೋಡಿದ್ದೇನೆ, ಗೊತ್ತಿದ್ದೂ ಸಹಿ ಹಾಕುವುದಿಲ್ಲ ಎಂದರೆ ನಾನು ಎಂಥ ಹೆಂಗಸು. ಆದರೆ ಸುದ್ದಿ ಬಂದಿದೆಯಲ್ಲ, ನನಗೆ ಬಂದಿದೆ, ನಾಲ್ಕು ವರ್ಷದ ಹಿಂದೆ ಇದೇ ಭಾವುಬೀಜದ ಸಂಜೆ, ಎಣ್ಣೆಯಲ್ಲಿ ಬತ್ತಿ ಅದ್ದುತ್ತಿದ್ದೆ, ಗೊತ್ತಿಲ್ಲದ ನಂಬರು, ಹಲೋ ಅಂದರೆ ಮಾತಿಲ್ಲ, ಹಿಂದೆ ತೆಲುಗಿನಲ್ಲಿ ರೈಲಿನ ಅನೌನ್ಸ್‌ಮೆಂಟು, ಆಮೇಲೆ ಯಾರೋ ಗಂಟಲು ಸರಿಮಾಡಿಕೊಂಡರು, ಎರಡು ಸಲ, ಮೊದಲನೆಯದು ಸಣ್ಣದು ಎರಡನೆಯದು ಉದ್ದ, ಸೋಮೇಶ ಮೂರನೆಯ ಇಯತ್ತೆಯಲ್ಲಿ ಮಗ್ಗಿ ಒಪ್ಪಿಸುವಾಗಲೂ ಹಾಗೇ ಮಾಡುತ್ತಿದ್ದ, ಸೋಮ್ಯಾ, ಅಂದೆ, ಕಟ್ಟಾಯಿತು. ತಿರುಗಿ ಹಚ್ಚಿದರೆ ಚಹಾ ಮಾರುವವನೊಬ್ಬ ಎತ್ತಿದ, ಯಾರೋ ಪ್ಯಾಸೆಂಜರ್ ಒಂದು ನಿಮಿಷ ಫೋನು ಇಸಿದುಕೊಂಡಿದ್ದನಂತೆ, ಹೋದನಂತೆ. ಉಜ್ವಲಾಗೆ ಹೇಳಲಿಲ್ಲ, ಹೆಂಡತಿಯನ್ನು ಬಿಟ್ಟು ಅಕ್ಕನಿಗೆ ಹಚ್ಚಿದ ಎಂದು ಯಾವ ಬಾಯಿಂದ ಹೇಳಲಿ, ಅವಳಿಗೆ ನೋವಾಗುತ್ತದೆ ಎಂದುಕೊಂಡೆ — ಇರಲಿ, ನಿಜವನ್ನೇ ಹೇಳಿಕೋ ದ್ವಾರಕಾ, ಇಲ್ಲಿ ಯಾರು ಕೇಳುತ್ತಾರೆ — ನನ್ನೊಬ್ಬಳಿಗೇ ಫೋನು ಮಾಡಿದ ಎಂಬ ಖುಷಿಯನ್ನು ಹಂಚಿಕೊಳ್ಳಲು ಮನಸ್ಸಾಗಲಿಲ್ಲ. ಈಗ ಹೇಳಿದರೆ ವಕೀಲರು ಏಳು ವರ್ಷವನ್ನು ಆ ದಿನದಿಂದ ಎಣಿಸುತ್ತಾರೆ, ಇನ್ನೂ ಮೂರು ವರ್ಷ, ನೌಕರಿ ಹೋಯಿತು, ಹೇಳದೆ ಸಹಿ ಹಾಕಿದರೆ ಜೀವಂತ ಇರುವ ತಮ್ಮನನ್ನು ನನ್ನ ಕೈಯಾರೆ ಕೊಂದ ಹಾಗೆ, ಇಲ್ಲ, ಅದು ನನ್ನಿಂದ ಆಗದು.

ವಳಸಂಗ ಬಂತು, ನಾಲ್ಕು ಜನ ಇಳಿದರು, ಆರು ಜನ ಹತ್ತಿದರು, ಚೀಲದಲ್ಲಿ ಉಪನ್ಯಾಸದ ಟಿಪ್ಪಣಿಯ ನೋಟ್‌ಬುಕ್ಕಿದೆ, ತೆಗೆದು ಓದಬಹುದು, ಆದರೆ ಮಣೆ ಹಿಡಿದುಕೊಳ್ಳುವವರು ಯಾರು, ಬೇಡ, ಎಲ್ಲ ಬಾಯಿಪಾಠವೇ ಆಗಿದೆ. ರಜೆ ಮುಗಿದ ಮೊದಲ ವಾರವೇ ಶಾಲೆಯಲ್ಲಿ ನನ್ನ ಉಪನ್ಯಾಸ, ಪ್ರಾಚೀನರ ಚಂದ್ರ ಮತ್ತು ಹಬ್ಬಗಳು, ಹೆಡ್‌ಮಾಸ್ತರ್ ಧರ್ಮರಾಜ ಸರ್ ಹೇಳಿದ್ದರು, ಟೀಚರ್, ಇತಿಹಾಸ ಕಲಸೂದ ನೀವ, ನೀವ ಮಾತಾಡ್ರಿ, ಅರ್ಧಾ ತಾಸಿನ್ಯಾಗ ಮುಗಸ್ರಿ. ಅರ್ಧ ತಾಸಿನಲ್ಲಿ ಏನು ಮುಗಿಯುತ್ತದೆ, ರೋಮಿನವರದ್ದೇ ಅರ್ಧ ತಾಸು ಆದೀತು, ಅಮಾವಾಸ್ಯೆ ಕಳೆದು ಎಳೆ ಚಂದ್ರ ಕಂಡ ಕೂಡಲೇ ಪೂಜಾರಿ ಜನರನ್ನು ಕೂಗಿ ಕರೆಯುತ್ತಿದ್ದನಂತೆ, ಆ ಕೂಗಿನಿಂದಲೇ ಕ್ಯಾಲೆಂಡರ್ ಎಂಬ ಹೆಸರು, ಚೀನಾದವರು ಸುಗ್ಗಿಯ ಹುಣ್ಣಿಮೆಗೆ ಹೂರಣ ತುಂಬಿದ ಗುಂಡು ರೊಟ್ಟಿಯನ್ನು ಮನೆಮಂದಿಗೆಲ್ಲ ಹೋಳು ಮಾಡಿ ಹಂಚುತ್ತಾರೆ, ಸುಮೇರಿನವರ ಚಂದ್ರ ಗಂಡುದೇವರು, ಕಾಣದ ದಿನ ಅವನು ಎಲ್ಲಿ ಹೋಗುತ್ತಾನೆ ಎಂದರೆ ಕೆಳಗೆ, ಸತ್ತವರ ನ್ಯಾಯ ತೀರಿಸಲಿಕ್ಕೆ, ಬಾಬಿಲೋನಿನಲ್ಲಿ ಗ್ರಹಣ ಹಿಡಿದರೆ ಅರಸನಿಗೆ ಕೇಡು, ಅದಕ್ಕೆ ಬೇರೆ ಯಾವನನ್ನೋ ಹಿಡಿದು ತಂದು ಸಿಂಹಾಸನದ ಮೇಲೆ ಕೂರಿಸುತ್ತಿದ್ದರು, ಕಿರೀಟ, ಊಟ, ಮರ್ಯಾದೆ, ಎಲ್ಲ ಕೊಟ್ಟು ಕೇಡಿನ ದಿನಗಳು ಕಳೆದ ಮೇಲೆ ಅವನನ್ನು ಮುಗಿಸಿಬಿಡುತ್ತಿದ್ದರು. ನಾವೂ ಚಂದ್ರನನ್ನು ತಮ್ಮನ ಬದಲಿಗೆ ಕೂರಿಸುವವರೇ, ನಾವೇನು ಕಡಿಮೆ. ಆದರೆ ಜೆರುಸಲೇಮಿನವರದು ನನಗೆ ಬಹಳ ಹಿಡಿಸಿತು, ಎಳೆ ಚಂದ್ರನನ್ನು ಕಣ್ಣಾರೆ ಕಂಡ ಇಬ್ಬರು ಬಂದು ಹೇಳಿದರೇ ಹೊಸ ತಿಂಗಳು, ಹೊಸ ತಿಂಗಳು ಶುರುವಾದರೇ ಹಬ್ಬದ ದಿನ ಗೊತ್ತಾಗುವುದು, ಹಿರಿಯರು ಒಬ್ಬೊಬ್ಬರನ್ನೇ ಒಳಗೆ ಕರೆದು ಕೇಳುತ್ತಿದ್ದರು, ಎಷ್ಟು ಎತ್ತರ ಇತ್ತು, ಕೋಡು ಯಾವ ಕಡೆ ಬಾಗಿತ್ತು, ನೀರಿನಲ್ಲಿ ಕಂಡೆವು ಎಂದರೆ ಸಾಕ್ಷಿ ನಡೆಯದು, ಗಾಜಿನಲ್ಲಿ ಕಂಡೆವು ಎಂದರೆ ನಡೆಯದು, ಮೋಡದಲ್ಲಿ ಕಂಡೆವು ಎಂದರೂ ನಡೆಯದು — ಇದನ್ನು ಬರೆದುಕೊಂಡ ದಿನ ಪೆನ್ನು ಅಲ್ಲೇ ನಿಂತಿತ್ತು, ನನ್ನದೂ ಅಷ್ಟೇ ಅಲ್ಲವೇ, ಮಾತು ಕೇಳಿಲ್ಲ, ಮುಖ ಕಂಡಿಲ್ಲ, ಎರಡು ಸಲ ಗಂಟಲಿನ ಸದ್ದು, ಆ ಹಿರಿಯರಾಗಿದ್ದರೆ, ಬಾಯಾರ, ಸುಮ್ಮನೆ ಮನೆಗೆ ನಡೀರಿ ಎನ್ನುತ್ತಿದ್ದರು. ಅನ್ನಲಿ, ನನ್ನ ತಮ್ಮನ ಗಂಟಲು ನನಗೆ ಗೊತ್ತು.

ಅಕ್ಕಲಕೋಟೆ, ಸ್ಟ್ಯಾಂಡಿನ ತುಂಬ ಗುಡಿಗೆ ಬಂದವರ ಗದ್ದಲ, ರಿಕ್ಷಾ ಬೇಡ ಅಂದೆ, ಮಣೆಯನ್ನು ಕಂಕುಳಲ್ಲಿ ಇರುಕಿಕೊಂಡು ನಡೆದೆ, ಎರಡು ಸಲ ಕೈ ಬದಲಿಸಿದೆ, ಹುರಿದ ಶೇಂಗಾದ ವಾಸನೆ ಓಣಿಯ ತುದಿಯಲ್ಲೇ ಮೂಗಿಗೆ ಬಂತು, ಹಬ್ಬದ ದಿನವೂ ಬಿಟ್ಟಿಲ್ಲ ಇವಳು. ಬರ್ರಿ ಅಕ್ಕಾರ, ಸಂಜಿ ಬಿಸಲಾಗ ಬಂದೀರಿ, ನೀರ ಕುಡೀರಿ, ಇದೇನ ಹೊತಗೊಂಡ ಬಂದೀರಿ, ಅನ್ನುತ್ತ ಬಂದ ಉಜ್ವಲಾ ಟವೆಲ್ಲು ಬಿಚ್ಚಿದ ಕೂಡಲೇ ನೀರಿನ ತಂಬಿಗೆ ಕೆಳಗಿಟ್ಟಳು, ಮಣೆಯನ್ನು ಅವಳೂ ಎಷ್ಟು ಸಲ ನೋಡಿದ್ದಾಳೆ. ರಂಗೋಲಿ ಡಬ್ಬಿ ಕೊಡ, ಅಂದೆ. ಯಾಕ್ರಿ ಅಕ್ಕಾರ, ಇಲ್ಲೆ? ಅವನ ಮನ್ಯಾಗ ಅವನ ಮಣಿ, ಹಾಕಬಾರದೇನ? ಕೊಟ್ಟಳು. ನಡುಮನೆಯ ಕರಿ ಫರಸಿಗಲ್ಲಿನ ನೆಲದ ಮೇಲೆ ಮಣೆ ಇಟ್ಟು ನಾಲ್ಕೂ ಬದಿಗೆ ಎಳೆ ಎಳೆದೆ, ಮೂಲೆಗೊಂದು ಹೂವು ಬಿಡಿಸಿದೆ, ಕೈ ಚೊಕ್ಕ ಬಂತು, ಅವಳು ಗೋಡೆಗೆ ಆತು ನೋಡುತ್ತಿದ್ದಳು, ಟೀಪಾಯಿಯ ಮೇಲೆ ಚಟ್ನಿಯ ಡಬ್ಬಿಯ ಕೆಳಗೆ ಆ ಕಾಗದ, ಗಾಳಿಗೆ ಒಂದು ತುದಿ ಏಳುತ್ತದೆ, ಬೀಳುತ್ತದೆ. ಈಗಲೇ ಹೇಳಬೇಕು, ನೀರು ಕುಡಿದ ಮೇಲೆ ಎಂದರೆ ಚಹಾ ಆದ ಮೇಲೆ ಎನ್ನುತ್ತೇನೆ. ಉಜ್ವಲಾ, ನಾ ಸಹಿ ಮಾಡೂದಿಲ್ಲ, ಅಂದೆ. ಯಾಕ್ರಿ, ಅಂದಳು, ದನಿ ಏರಲಿಲ್ಲ. ಹೇಳಿದೆ, ಎಲ್ಲವನ್ನೂ, ನಂಬರು, ತೆಲುಗು, ಎರಡು ಸಲದ ಗಂಟಲು, ಚಹಾದವನು, ನಾಲ್ಕು ವರ್ಷ ಬಚ್ಚಿಟ್ಟಿದ್ದು, ಖುಷಿಪಟ್ಟಿದ್ದನ್ನೂ ಹೇಳಿಬಿಟ್ಟೆ, ಬೈಯುತ್ತಾಳೆ, ಅಳುತ್ತಾಳೆ, ಎದ್ದು ಹೋಗ್ರಿ ನಮ್ಮ ಮನಿಯಿಂದ ಎನ್ನುತ್ತಾಳೆ, ಎಲ್ಲದಕ್ಕೂ ತಯಾರಾಗಿ ಕೂತೆ, ಅವಳು ಒಳಗೆ ಹೋಗಿ ಗ್ಯಾಸ್ ಆರಿಸಿ ಕೈ ಒರೆಸಿಕೊಳ್ಳುತ್ತ ಬಂದಳು.

ಗೊತ್ತೈತ್ರಿ, ಅಂದಳು. ಏನ ಗೊತ್ತೈತಿ? ಅವತ್ತ ನಿಮಗ ಹಚ್ಚಿದ ಮ್ಯಾಲೆ ಬ್ಯಾರೆ ಯಾರದೋ ಫೋನಿನಿಂದ ನನಗ ಹಚ್ಯಾರ, ಹತ್ತ ಮಿನಿಟ ಆಗಿರಬೇಕು, ನನ್ನ ಕೂಡ ಮಾತಾಡ್ಯಾರ. ಫರಸಿಯ ತಂಪು ಕಾಲಿನಿಂದ ಮೇಲಕ್ಕೆ ಏರುತ್ತಿದೆ, ಮಾತಾಡ್ಯಾನ, ನನ್ನ ಹತ್ತಿರ ಬರೀ ಗಂಟಲು, ಇವಳ ಹತ್ತಿರ ಮಾತು. ಏನಂದ? ಆರಾಮ ಅದೀನಿ, ಹುಡಕಬ್ಯಾಡ, ನಾ ಬರೂದಿಲ್ಲ, ಅಂದ್ರು. ಮತ್ತ? ಬ್ಯಾಡ ಬಿಡ್ರಿ ಅಕ್ಕಾರ. ಮತ್ತೇನಂದ ಹೇಳ ಉಜ್ವಲಾ. ಅವಳು ಮಣೆಯನ್ನು ನೋಡಿದಳು, ನನ್ನನ್ನಲ್ಲ, ಅಕ್ಕಗ ಹಚ್ಚಿದ್ದೆ, ಬಾಯಾಗ ಮಾತ ಬರಲಿಲ್ಲ, ಆಕಿಗಿ ಏನೂ ಹೇಳಬ್ಯಾಡ, ಆಕಿ ಇವತ್ತೂ ನನಗ ಮಣಿ ಹಾಕಿರತಾಳ, ವರ್ಷಾ ಹಾಕಲಿ, ಅಷ್ಟರೆ ಇರಲಿ ನಂದು ಅಲ್ಲಿ, ಅಂದ್ರು. ಅಷ್ಟರೆ ಇರಲಿ — ಎಲಾ ಇವನ, ಎಂಥ ಮಾತು, ಆರಾಮ ಇದ್ದಾನಂತೆ, ಬರುವುದಿಲ್ಲವಂತೆ, ಜಾಗ ಮಾತ್ರ ಹಿಡಿದಿಡಬೇಕಂತೆ, ಬಸ್ಸಿನ ಸೀಟಿಗೆ ಟವೆಲ್ಲು ಹಾಕಿ ಹೋದ ಹಾಗೆ, ಆ ಟವೆಲ್ಲು ನಾನು, ನನ್ನ ಏಳು ವರ್ಷದ ಆರತಿ, ನನ್ನ ಎಣ್ಣೆ ಬತ್ತಿ, ಕಾಜಲಳ ಮುಖದ ಮೇಲೆ ಹಾಕಿದ ಬಾಗಿಲು, ಸಿಟ್ಟೋ ಅಳುವೋ, ಎರಡೂ. ನನಗ ಯಾಕ ಹೇಳಲಿಲ್ಲವಾ, ನಾಲ್ಕ ವರ್ಷ? ನೀವ ಆ ಮಣಿ ಮ್ಯಾಲೆ ಜೀವಾ ಇಟ್ಟೀರಿ, ಅದನ್ನ ನಾ ಹ್ಯಾಂಗ ಕಸಗೊಳ್ಳಲ್ರಿ, ನೀವ ಬೆಳಗತೀರಿ ಅಂತ ಅನಕೊಂಡ ನಾನೂ ಇಲ್ಲೆ ಸುಮ್ಮಕ ಇದ್ದೆ, ನನಗರೆ ಯಾರದಾರ್ರಿ. ಆಮೇಲೆ ಅಂದಳು, ಈಗೂ ಹೇಳತಿದ್ದಿಲ್ಲ, ನೀವ ಹೇಳಿದ್ರಿ ಅಂತ ಹೇಳಿದೆ, ಸಹಿ ಮಾಡ್ರಿ, ಬಿಡ್ರಿ, ನಿಮ್ಮ ಮನಸ. ನೋಡು, ಈ ಒಂದು ಮಾತನ್ನು ಮೊದಲೇ ಹೇಳಿದ್ದರೆ ನಾನು ಆ ದಿನವೇ ಸಹಿ ಒಗೆಯುತ್ತಿದ್ದೆ, ನೌಕರಿ ಹೋದರೂ ಹೋಗಲಿ ಎಂದು ಇವಳು ಬಾಯಿ ಮುಚ್ಚಿಕೊಂಡಿದ್ದಳು, ಮೂರು ತಿಂಗಳಿಂದ ವಕೀಲರ ಮನೆಗೆ ತಿರುಗಿದವಳು, ಸುಟ್ಟ ಅಂಗೈಯವಳು, ನನ್ನ ಮಣೆ ಉಳಿಯಲಿ ಎಂದು. ಇಬ್ಬರು ಸಾಕ್ಷಿಗಳು, ಒಂದೇ ಸಂಜೆ, ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಕೂತವರು.

ಪೆನ್ ಕೊಡ, ಅಂದೆ. ಅಕ್ಕಾರ, ಸಿಟ್ಟಿನ್ಯಾಗ ಮಾಡಬ್ಯಾಡ್ರಿ, ಅಂದಳು. ಸಿಟ್ಟ ಐತಿ, ಖರೆ ಐತಿ, ಕೊಡ. ಮರಾಠಿಯ ಕಾಗದ, ಏಳು ವರ್ಷದಿಂದ ನನ್ನ ತಮ್ಮನ ಯಾವ ಸುದ್ದಿಯೂ ನನಗೆ ಬಂದಿಲ್ಲ ಎಂದು ಬರೆದಿದೆ, ಸುಳ್ಳು, ಹಸೀ ಸುಳ್ಳು, ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಸುಳ್ಳು ಹೇಳಬ್ಯಾಡ್ರಿ ಅಂತ ಬೋರ್ಡಿನ ಮೇಲೆ ಬರೆದ ಇದೇ ಕೈಯಿಂದ ದ್ವಾರಕಾ ಎಂದು ದುಂಡಗೆ 'ಕಾ' ಎಳೆದೆ, ನೋಟರಿಯ ಮುಂದೆ ನಿಂತು ಕೇಳಿದರೂ ಇದನ್ನೇ ಹೇಳುತ್ತೇನೆ, ಪಾಪ ಬಂದರೆ ನನಗೆ ಬರಲಿ. ಸೂರ್ಯ ಮುಳುಗಿದ್ದ, ಬಿದಿಗೆಯ ಚಂದ್ರ ಒಂದು ತಾಸು ನಿಲ್ಲುವುದಿಲ್ಲ, ನಡಿ ಮಾಳಿಗಿ ಮ್ಯಾಲೆ, ಅಂದೆ, ಅವಳು ಆರತಿಯ ತಾಟು ಹಿಡಿದು ಹಿಂದೆ ಬಂದಳು, ಪಡುವಣಕ್ಕೆ ಪಕ್ಕದ ಮನೆಯ ನೀರಿನ ಟಾಕಿಯ ಮೇಲೆ ಒಂದು ಗೆರೆ, ಉಗುರಿನಷ್ಟು, ಕಂಡೆಯಾ, ಕಂಡೆನ್ರಿ. ಬೆಳಗಿದೆ. ಮೂರು ಸುತ್ತು, ಹೆಸರು ಹೇಳಲಿಲ್ಲ, ಯಾವ ಹೆಸರು ಹೇಳಲಿ, ಗಾಳಿಗೆ ದೀಪ ಬಾಗಿತು, ಅವಳು ಅಂಗೈ ಅಡ್ಡ ಹಿಡಿದಳು, ಆಮೇಲೆ ಸೆರಗಿನ ತುದಿಯಿಂದ ಒಂದು ಎಳೆ ಕಿತ್ತು ಚಂದ್ರನ ಕಡೆ ಊದಿದಳು, ಹಳೇದ ತಗೋ, ಹೊಸದ ಕೊಡು, ನಮ್ಮ ಕಡೆಯ ಹೆಂಗಸರು ಬಿದಿಗೆಗೆ ಹೇಳುವುದೇ ಹಾಗೆ, ಆದರೆ ಇವಳು ಗಟ್ಟಿಯಾಗಿ ಹೇಳಿದಳು, ಎದುರಿನ ಮಾಳಿಗೆಯವರು ತಿರುಗಿ ನೋಡುವಷ್ಟು.

ಕೆಳಗೆ ಬಂದು ಮಣೆಯನ್ನು ಎತ್ತಿದೆ, ಗೋಡೆಗೆ ಒರಗಿಸಿದೆ, ಇದನ್ನ ನೀನ ಇಟಗೋ, ಚಟ್ನಿ ಕುಟ್ಟೂವಾಗ ಕೂಡಾಕ ಬರತೈತಿ, ಅಂದೆ, ಅವಳು ಹೂಂ ಅಂದಳು, ಮುಗಿಯಿತು, ಇಷ್ಟೇ, ಇನ್ನು ಬಸ್ಸು ಹಿಡಿಯಬೇಕು, ಉಪನ್ಯಾಸ ಬರೆಯಬೇಕು. ಫರಸಿಯ ಮೇಲೆ ರಂಗೋಲಿ ಹಾಗೇ ಉಳಿದಿದೆ, ನಾಲ್ಕು ಬದಿಗೆ ಬಿಳಿ ಗೆರೆ, ನಡುವೆ ಕರಿ ಚೌಕ, ಉಜ್ವಲಾ ಅಡುಗೆಮನೆಯಿಂದ ಚಹಾ ತಂದಳು, ನೇರವಾಗಿ ಬರಬಹುದಿತ್ತು, ಗೆರೆಯ ಹತ್ತಿರ ಕಾಲು ತಡೆದಳು, ಸುತ್ತಿಕೊಂಡು ಬಂದಳು, ಕಪ್ಪು ಕೊಟ್ಟು ಹೋಗುವಾಗಲೂ ಸುತ್ತಿಕೊಂಡೇ ಹೋದಳು, ಚಹಾ ಮುಗಿಸಿ ನಾನು ಎದ್ದೆ, ಬಾಗಿಲು ಆ ಕಡೆ ಇದೆ, ನಾಲ್ಕೇ ಹೆಜ್ಜೆ, ನಡುವಿನಿಂದಲೇ ಹೋಗು ದ್ವಾರಕಾ, ಸಹಿ ಹಾಕಿದವಳು ನೀನು, ಬೆಳಗಿದವಳು ನೀನು, ಅಲ್ಲಿ ಯಾರೂ ಇಲ್ಲ, ಎತ್ತು ಕಾಲು — ಬಿಳಿ ಗೆರೆ, ಕರಿ ಚೌಕ, ಎತ್ತು — ಏಳುತ್ತಿಲ್ಲ, ಬಿಳಿ ಗೆರೆ, ಒಂದು ಆಳು ಕಾಲು ಮಡಚಿ ಕೂರುವಷ್ಟು ಕರಿ ಚೌಕ, ಕರಿ ಚೌಕ