ಇಳಿಯದ ರೇಸು

ಬಾಬಾಸಾಹೇಬ ಸತ್ತು ಹತ್ತು ವರ್ಷಗಳ ಮೇಲಾಗಿತ್ತು. ಅವನ ಫಟಫಟಿ ಮೋಟಾರ್‌ಸೈಕಲ್ಲು ಮಾತ್ರ ಐಗಳಿಯ ತೋಟದ ಶೆಡ್ಡಿನಲ್ಲಿ, ದ್ರಾಕ್ಷಿ ಕ್ರೇಟುಗಳ ಹಿಂದೆ, ಹಳ್ಳದಿಂದ ಎತ್ತಿ ತಂದಾಗ ಹೇಗಿತ್ತೋ ಹಾಗೇ ನಿಂತಿತ್ತು. ಹ್ಯಾಂಡಲ್ ಸೊಟ್ಟ, ಮುಂದಿನ ದೀಪ ಪುಡಿಪುಡಿ, ಪೆಟ್ರೋಲ್ ಟಾಕಿಯ ಮೇಲೆ ಕೋಳಿಗಳ ಹಿಕ್ಕೆ. ಒಣದ್ರಾಕ್ಷಿಗೆ ಜಾಗ ಬೇಕೆಂದು ಶೆಡ್ ತೆರವು ಮಾಡಿಸಿದ ತಮ್ಮ ರಾವಸಾಹೇಬನಿಗೆ ಅದನ್ನು ಗುಜರಿಗೆ ಹಾಕಲು ಮನಸ್ಸಾಗಲಿಲ್ಲ. ಟೆಂಪೊದಲ್ಲಿ ಹೇರಿಕೊಂಡು ಅಥಣಿಯ ದಸ್ತಗೀರ ಮಿಸ್ತ್ರಿಯ ಗ್ಯಾರೇಜಿಗೆ ಒಯ್ದ.

"ಅದನ್ಯಾಕ ಮತ್ತ ಎಬ್ಬಸ್ತಿ? ಅದರ ಸಪ್ಪಳಾ ಕೇಳಿದ್ರ ನನ್ನ ಹೊಟ್ಟ್ಯಾಗ ಬೆಂಕಿ ಬೀಳ್ತೈತಿ," ಎಂದಳು ಅವ್ವ ಗಿರಿಜವ್ವ.

"ಅಣ್ಣನ ಗಾಡಿ ಅವ್ವಾ. ನಾ ಹೊಡೀತೇನಿ," ಎಂದ ರಾವಸಾಹೇಬ.

ಬಾಬಾಸಾಹೇಬ ಸತ್ತದ್ದು ಊರಿಗೆ ಸಮೀಪದ ಹಳ್ಳದ ಸೇತುವೆಯ ತಿರುವಿನಲ್ಲಿ. ಅಥಣಿಯಲ್ಲಿ ಗೆಳೆಯನ ಮದುವೆ ಮುಗಿಸಿ ಮರಳುತ್ತಿದ್ದ. ಗಾಡಿ ತಿರುವನ್ನು ಬಿಟ್ಟು ನೇರ ಹೋಗಿ ಕೆಳಗಿನ ಕಲ್ಲುಗಳ ಮೇಲೆ ಬಿತ್ತು. ನೋಡಿದವನು ಕುರಿ ಮೇಯಿಸುತ್ತಿದ್ದ ಜಕ್ಕಪ್ಪ ಒಬ್ಬನೇ.

"ತಿರುವಿಗೆ ಬಂದ ಮ್ಯಾಲೂ ರೇಸ್ ಇಳಸಲಿಲ್ರಿ. ಗಾಡಿ ಚೀರಾಕತ್ತಿತ್ತು. ಹುಚ್ಚ ಹಿಡದಂಗ ರೇಸ್ ಕೊಟ್ಕೊಂತ ಹ್ವಾದ್ರು," ಎಂದು ಅವನು ಕೂಡಿದ ಜನರಿಗೆ ಹೇಳಿದ.

ಮದುವೆಯ ಊಟ, ಚೀರುವ ಗಾಡಿ. ಸಂಜೆಯೊಳಗೆ ಬಾಬಾಸಾಹೇಬ ಕುಡಿದಿದ್ದನೆಂದು ಊರು ತೀರ್ಮಾನಿಸಿತು. ಅಂದು ಬೆಳಿಗ್ಗೆ ಅವನ ಹೆಂಡತಿ ಶಿವಗಂಗವ್ವ ಪಂಚಮಿ ಹಬ್ಬಕ್ಕೆ ತವರಿಗೆ ಕಳಿಸಲಿಲ್ಲವೆಂದು ಗಂಡನೊಂದಿಗೆ ಜಗಳವಾಡಿದ್ದಳು. ಅವನು ಉಣ್ಣದೆ ಎದ್ದು ಹೋಗಿದ್ದ. ಅದನ್ನು ಕೇಳಿಸಿಕೊಂಡಿದ್ದ ಗಿರಿಜವ್ವ ಹೆಣದ ಮುಂದೆಯೇ ಸೊಸೆಯ ಕಡೆ ಕೈ ಮಾಡಿ, "ನೀ ಜಗಳಾ ತಗದಿ, ಅಂವ ಆ ಸಿಟ್ಟಿಗೆ ಕುಡದಾ. ನನ್ನ ಮಗನ್ನ ನೀನ ಕೊಂದಿ ಬೇ," ಎಂದು ಕೂಗಿದ್ದಳು. ಶಿವಗಂಗವ್ವ ಎದುರು ಮಾತಾಡಲಿಲ್ಲ. ದಿನಕರ್ಮ ಮುಗಿದ ಮೇಲೆ ಅಣ್ಣನ ಜೊತೆ ಯಡೂರಿಗೆ ಹೋದವಳು ಮತ್ತೆ ಬರಲಿಲ್ಲ. ತಡೆದು ನಿಲ್ಲಿಸಲು ಮಕ್ಕಳೂ ಇರಲಿಲ್ಲ.

ದಸ್ತಗೀರ ಬೇಸಿಗೆಯಿಡೀ ಗಾಡಿಯ ಮೇಲೆ ದುಡಿದ. ಹ್ಯಾಂಡಲ್ ನೆಟ್ಟಗಾಯಿತು, ಚಕ್ರಗಳಿಗೆ ಹೊಸ ಕಡ್ಡಿ ಬಿದ್ದವು, ಕಪ್ಪು ಬಣ್ಣ ಮಿಂಚಿತು. ಎಂಜಿನ್ ಚಾಲೂ ಆಯಿತು. ಆದರೆ ಸ್ವಲ್ಪ ಹೊತ್ತು ಓಡಿದ ಮೇಲೆ ರೇಸು ತಾನಾಗಿ ಏರಿ ಅಲ್ಲೇ ನಿಂತುಬಿಡುತ್ತಿತ್ತು. ದಸ್ತಗೀರ ರೇಸಿನ ಸ್ಕ್ರೂ ಇಳಿಸಿ ನೋಡಿದ. ಕೇಬಲ್ ಬದಲಿಸಿದ. ಎಲ್ಲಿಂದಲಾದರೂ ಗಾಳಿ ಎಳೆಯುತ್ತಿದೆಯೇ ಎಂದು ಕಾರ್ಬೊರೇಟರಿನ ಬುಡದ ಸಂದಿಗೆ ಎಣ್ಣೆ ಬಿಟ್ಟ. ಸದ್ದಿನಲ್ಲಿ ವ್ಯತ್ಯಾಸವಾಗಲಿಲ್ಲ, ಅಂದರೆ ಗಾಳಿ ಎಳೆಯುತ್ತಿರಲಿಲ್ಲ. ಮರುದಿನ ತಣ್ಣಗಿನ ಎಂಜಿನ್ ಶುರು ಮಾಡಿದರೆ ಎಲ್ಲ ಸರಿ ಇತ್ತು.

"ಕೇಬಲ್ಲಿಂದ ಇತ್ತು, ಹೋತು. ಒಯ್ರಿ ಗಾಡಿ," ಎಂದ ದಸ್ತಗೀರ.

ರಾವಸಾಹೇಬ ಖುಷಿಯಿಂದಲೇ ಹೊರಟ. ಬಿಸಿಲು ಚುರುಚುರು ಎನ್ನುತ್ತಿತ್ತು. ಐಗಳಿಯ ಹತ್ತಿರ ಬರುತ್ತಲೇ ಎದುರಿಗೆ ಎತ್ತಿನ ಗಾಡಿ ಕಂಡು ಕೈ ಸಡಿಲಿಸಿದ. ವೇಗ ಇಳಿಯಲಿಲ್ಲ. ಹಿಡಿಕೆಯನ್ನು ಹಿಂದಕ್ಕೆ ತಿರುವಿದ, ಇಳಿಯಲಿಲ್ಲ. ಗಾಬರಿಯಾಗಿ ಬ್ರೇಕ್ ಒತ್ತಿ ಕ್ಲಚ್ ಹಿಡಿದ. ಚಕ್ರದ ಭಾರ ತಪ್ಪಿದ್ದೇ ತಡ, ಎಂಜಿನ್ ಕಿವಿ ಹರಿಯುವಂತೆ ಚೀರಿತು. ಎತ್ತುಗಳು ಬೆದರಿದವು. ರಸ್ತೆ ನೇರವಿತ್ತು, ಪಕ್ಕದಲ್ಲಿ ಉತ್ತ ಹೊಲವಿತ್ತು; ಅದರೊಳಗೆ ಇಳಿಸಿ, ಚಾವಿ ತಿರುವಿ ಆರಿಸಿದ.

ಗಾಡಿವಾನ ಓಡಿ ಬಂದ. "ಏನ್ ಸಾಹುಕಾರ್ರ, ಹಗಲೊತ್ತಿನ್ಯಾಗ ಏರಿಸಿದ್ರೇನು? ಹಂಗ್ಯಾಕ ರೇಸ್ ಕೊಡ್ತೀರಿ?"

ರಾವಸಾಹೇಬ ಮಣ್ಣಿನ ಹೆಂಟೆಗಳ ನಡುವೆ ಕುಳಿತುಬಿಟ್ಟ. ಜಕ್ಕಪ್ಪ ಕೇಳಿದ್ದು ಇದೇ ಸದ್ದು.

ಅದೇ ಟೆಂಪೊದಲ್ಲಿ ಗಾಡಿ ಮತ್ತೆ ಅಥಣಿಗೆ ಹೋಯಿತು. ದಸ್ತಗೀರ ಈ ಸಲ ಎಂಜಿನ್ ಓಡಿಸಿ ಕಾಯಿಸಿ, ಆರಿಸಿದ ಕೂಡಲೇ ಕಾರ್ಬೊರೇಟರಿನ ಮೇಲಿನ ಮುಚ್ಚಳ ತೆಗೆದು, ಎಂಜಿನ್ನಿಗೆ ಪೆಟ್ರೋಲು-ಗಾಳಿ ಎಷ್ಟು ಹೋಗಬೇಕೆಂದು ಅಳೆದು ಬಿಡುವ ಸ್ಲೈಡನ್ನು ಬೆರಳಿನಿಂದ ಆಡಿಸಿದ. ಎಂಜಿನ್ ಇನ್ನೂ ಸುಡುತ್ತಿತ್ತು. ಸ್ಲೈಡ್ ಮೇಲೆ ಹೋಗಿ ಅಲ್ಲೇ ಕಚ್ಚಿಕೊಂಡಿತು. ಬುಡದ ಎರಡು ನಟ್ಟುಗಳನ್ನು ಸಡಿಲಿಸಿದ ಕೂಡಲೇ ಟಪ್ಪನೆ ಕೆಳಗೆ ಬಿತ್ತು.

"ಯಾರೋ ಬಲಾ ಹಾಕಿ ಬಿಗದಾರ. ಒಳಗಿನ ತೂತು ಸೊಟ್ಟ ಆಗೇತಿ. ಕಾದ ಮ್ಯಾಲ ಹಿಡ್ಕೊಂಡ್ರ, ಕೈ ಬಿಟ್ರೂ ರೇಸ್ ಇಳಿಯಂಗಿಲ್ಲ."

"ನೀವ ಬಿಗದಿದ್ರೇನು?" ರಾವಸಾಹೇಬ ಕೇಳಿದ.

"ನಾ ಬರೇ ಕೆಳಗಿನ ಬಟ್ಟಲಾ ಬಿಚ್ಚಿ ತೊಳದಿದ್ನಿ. ಈ ನಟ್ಟಿಗೆ ಕೈ ಹಚ್ಚಿಲ್ಲ. ತುಕ್ಕು ನೋಡ್ರಿ, ಹಳೇದು. ಗಾಡಿ ಬೀಳೂಕಿಂತ ಮೊದಲಿಂದು." ದಸ್ತಗೀರ ನಟ್ಟು ಬಿಚ್ಚಿದ ಪಾನಾ ಕೆಳಗಿಟ್ಟ. ಅವನಿಗೂ ಆ ಸಾವಿನ ಕತೆ ಗೊತ್ತಿತ್ತು. "ಯಾ ಅಲ್ಲಾ," ಎಂದ.

ರಾವಸಾಹೇಬ ಮನೆಗೆ ಬಂದು ಅವ್ವನ ಮುಂದೆ ಎಲ್ಲವನ್ನೂ ಹೇಳಿದ. ಗಿರಿಜವ್ವ ಬಿಡಿಸುತ್ತಿದ್ದ ಶೇಂಗಾ ಮೊರದಲ್ಲೇ ಉಳಿಯಿತು.

"ಹಂಗಾರ ನನ್ನ ಮಗಾ ಕುಡದಿದ್ದಿಲ್ಲ?"

"ಇಲ್ಲ ಅವ್ವಾ. ನಿಲ್ಲಸಾಕ ನೋಡ್ಯಾನ. ಕ್ಲಚ್ ಹಿಡದಿದ್ದಕ್ಕ ಗಾಡಿ ಚೀರಿದ್ದು."

ಮರುದಿನ ಬೆಳಿಗ್ಗೆ ಗಿರಿಜವ್ವ ಓಣಿಯ ಮನೆಮನೆಗೆ ಹೋಗಿ ಹೇಳಿದಳು, ಹಿಟ್ಟಿನ ಗಿರಣಿಯ ಮುಂದೆ ನಿಂತವರಿಗೂ ಹೇಳಿದಳು. ಕೆಲವರು ಅಯ್ಯೋ ಎಂದರು. ಹೆಚ್ಚಿನವರಿಗೆ ಕುಡಿದಿದ್ದನೆಂಬ ಮಾತೇ ನೆನಪಿರಲಿಲ್ಲ. "ಆಗಿ ಹೋದದ್ದು ಬಿಡ್ರಿ, ಆಯಿ," ಎಂದಳು ಗಿರಣಿಯಲ್ಲಿ ಒಬ್ಬಾಕೆ. ಗಿರಿಜವ್ವ ಮನೆಗೆ ಬಂದು ಒಳ್ಳೆಯ ಸೀರೆ ಉಟ್ಟು, "ಯಡೂರಿಗೆ ನಡಿ," ಎಂದು ಮಗನಿಗೆ ಹೇಳಿದಳು.

ಶಿವಗಂಗವ್ವ ಅಣ್ಣನ ಮನೆಯ ಹಿತ್ತಲಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದಳು. ಅತ್ತೆಯನ್ನು ಕಂಡು ಸೆರಗು ಹೊದ್ದು, ಕಾಲಿಗೆ ನೀರು ಕೊಟ್ಟಳು. ರಾವಸಾಹೇಬ ನಿಂತೇ ಹೇಳಿ ಮುಗಿಸಿದ. ಅವಳು ಕಂಬ ಹಿಡಿದು ಕೇಳಿದಳು.

"ಅಂದ್ರ, ಅವ್ರು ನಿಲ್ಲಸಾಕ ನೋಡಿದ್ರು?"

"ಹೌದ್ರಿ ವೈನಿ."

"ಖರೇನ?"

"ಖರೇರಿ. ನನ್ನ ಕೈಯಾಗನ ಆತು."

ಶಿವಗಂಗವ್ವ ಕಂಬದ ಬುಡದಲ್ಲಿ ಕುಳಿತಳು. "ಅವ್ರು ಕುಡಿಯೂ ಮಂದಿ ಅಲ್ಲಂತ ನನಗ ಗೊತ್ತಿತ್ತು. ಅದಕ್ಕ, ಬೇಕಂತನ ಹೋಗಿ ಬಿದ್ರು ಅಂತ ತಿಳ್ಕೊಂಡಿದ್ನಿ. ನನ್ನ ಮಾತಿಗೆ ಬ್ಯಾಸತ್ತು ಜೀವಾ ಕೊಟ್ರು ಅಂತ. ಯಾರ ಮುಂದ ಹೇಳ್ಲಿ? ಕುಡದಿದ್ರು ಅಂತ ಮಂದಿ ಅಂದದ್ದ ಛಲೋ ಅನಸ್ತು."

ಗಿರಿಜವ್ವ ಅವಳ ಪಕ್ಕಕ್ಕೆ ಸರಿದು ಕುಳಿತಳು. "ತಪ್ಪ ಮಾತಾಡಿದ್ನಿ ಮಗಳ. ಬಾ, ನಮ್ಮ ಮನಿಗೆ ಹೋಗೂಣು."

"ಆವಾಗ ಈ ಮಾತ ಅಂದಿದ್ರ ಓಡಿ ಬರ್ತಿದ್ನಿ ಅತ್ತಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಈಗ ಅಲ್ಲಿ ಬಂದು ಏನ್ ಮಾಡ್ಲಿ? ಇಲ್ಲೇ ರೂಢಿ ಆಗೇತಿ."

ಎದ್ದು ರೊಟ್ಟಿ ಬಡಿದಳು. ಹಿಂಡಿಪಲ್ಯ, ಮೊಸರು ಹಾಕಿ ಇಬ್ಬರಿಗೂ ಬಡಿಸಿದಳು. ಅತ್ತೆ ಒಂದೇ ರೊಟ್ಟಿಗೆ ಕೈ ತೊಳೆಯಹೋದಾಗ ಇನ್ನರ್ಧ ತಾಟಿಗೆ ಹಾಕಿ, "ಉಣ್ರಿ," ಎಂದಳು. ಇಳಿಹೊತ್ತಿಗೆ ಸ್ಟ್ಯಾಂಡಿನವರೆಗೂ ಬಂದು, ಅತ್ತೆಯ ರಟ್ಟೆ ಹಿಡಿದು ಬಸ್ಸು ಹತ್ತಿಸಿದಳು.

ಚಿಕ್ಕೋಡಿಯಲ್ಲಿ ಇಳಿದು ಅಥಣಿ ಬಸ್ಸಿಗೆ ಕಾಯುತ್ತ ನಿಂತಾಗ ಗಿರಿಜವ್ವ ಮಗನ ಕಡೆ ನೋಡದೆ ಕೇಳಿದಳು:

"ಆಕಿ ಎಷ್ಟ ಸೊರಗ್ಯಾಳ, ನೋಡಿದೇನು?"