ಚೀಲ ಕಟ್ಟಿದವರು ಯಾರು

ಮಗಳನ್ನು ಸ್ಕೌಟ್ಸ್-ಗೈಡ್ಸ್ ದಳಕ್ಕೆ ಸೇರಿಸುವ ದಿನ ಟೈಲರಮ್ಮ ಬೆಳಗ್ಗೆಯೇ ಎದ್ದು ಅವಳ ಚೀಲವನ್ನು ತಾನೇ ಕಟ್ಟಿಕೊಟ್ಟಿದ್ದಳು. ಇಡೀ ಬೀದಿಯ ಮೈಯಳತೆ ನಾಲಿಗೆಯ ತುದಿಯಲ್ಲಿರುವವಳಿಗೆ ಒಂದು ಚೀಲ ಯಾವ ಲೆಕ್ಕ?

ಆದರೆ ದಳದಲ್ಲೊಂದು ಪದ್ಧತಿಯಿತ್ತು. ಹೊಸಬರು ಕಣ್ಣು ಮುಚ್ಚಿಕೊಂಡು, ನಾಯಕಿ ಕೇಳಿದ ವಸ್ತುವನ್ನು ಚೀಲದಿಂದ ತೆಗೆದುಕೊಡಬೇಕು.

“ಟಾರ್ಚು!” ಎಂದರು ನಾಯಕಿ. ಮಗಳು ಚೀಲವನ್ನೆಲ್ಲ ತಡಕಾಡಿದಳು.

“ಎಡಗಡೆ ಜೇಬಲ್ಲಿದೆ ಕಣೇ!” ಬಾಗಿಲಿನಿಂದಲೇ ಅಮ್ಮ ಕೂಗಿದಳು.

“ಹಾಗಾದ್ರೆ ಕ್ಯಾಂಪಿಗೆ ನೀವೇ ಬಂದ್ಬಿಡಿ,” ಎಂದು ನಕ್ಕ ನಾಯಕಿ ಚೀಲವನ್ನು ನೆಲಕ್ಕೆ ಸುರಿದರು. “ಇಲ್ಲಿ ಮಕ್ಕಳು ಚೀಲ ಕಟ್ಬೇಕು, ಅಪ್ಪ ಅಮ್ಮ ಕೈ ಕಟ್ಕೊಂಡು ನಿಲ್ಬೇಕು.”

ಮಗಳು ಸೊಟ್ಟಸೊಟ್ಟಗೆ ತುಂಬಿದಳು. ಅಮ್ಮನ ಕೈ ತುರಿಸುತ್ತಿತ್ತು, ಆದರೂ ಕಟ್ಟಿಕೊಂಡೇ ನಿಂತಳು. ಈ ಸಲ ಕಣ್ಣು ಮುಚ್ಚಿದ್ದರೂ ಟಾರ್ಚು ಥಟ್ಟನೆ ಹೊರಬಂತು.

ನೆಲದ ಮೇಲೆ ಸ್ವೆಟರೊಂದು ಮಾತ್ರ ಉಳಿದಿತ್ತು. ಅಮ್ಮನಿಗೆ ಇನ್ನು ತಡೆಯಲಾಗಲಿಲ್ಲ. “ನೋಡಿದ್ರಾ? ಮರೆತೇಬಿಟ್ಲು!”

“ಮರೆತಿಲ್ಲಮ್ಮ,” ಎಂದಳು ಮಗಳು, ಅದನ್ನು ಅಮ್ಮನ ಕೈಗಿಡುತ್ತ. “ಇದು ನಂಗೆ ಹೋದ ವರ್ಷಾನೇ ಚಿಕ್ಕದಾಯ್ತು.”