ತಲೆಗೆ ಮಾತ್ರ ಐಸು

ಅಕ್ಕ ಇನ್ನೊಂದು ಐಸಿನ ಚೀಲವನ್ನು ಸತ್ತ ತಮ್ಮನ ಕಿವಿಗೆ ಒತ್ತಿಡುತ್ತಿದ್ದಾಗ ಅವನ ಹೆಂಡತಿ ಗಪ್ಪನೆ ಕೈ ಹಿಡಿದಳು.

"ಅತ್ತಿಗೆ, ಮೈ ಕೆಡಬಾರದು ಅಂದ್ರೆ ಎಲ್ಲಾ ಕಡೆ ಇಡ್ಬೇಕಲ್ವಾ? ತಲೆಗೆ ಮಾತ್ರ ಯಾಕೆ?"

ನೆಂಟರ ಗುಸುಗುಸು ನಿಂತಿತು. ಪ್ರಯೋಗಾಲಯದಲ್ಲಿ ಇಲಿಗಳ ಮಿದುಳು ಕೊಯ್ದು ಕೊಯ್ದು ಕೂದಲು ನರೆತವಳು ಅಕ್ಕ. ಮಿದುಳು ಬೆಚ್ಚಗಾದರೆ ಜೀವಕೋಶದ ಪೊರೆ ಕೆಟ್ಟುಹೋಗುತ್ತದೆ. ಸಂಜೆಗೆ ದಹನ ಬೇರೆ.

"ಅವನ ಮಿದುಳು ಬೇಕು ಕಣೇ. ಅವನೇ ಒಪ್ಪಿದ್ದ. ನೀನು ಹೂಂ ಅನ್ಬೇಕು."

"ಅಯ್ಯೋ ದೇವ್ರೇ, ಸತ್ತವನನ್ನಾದ್ರೂ ಬಿಡಬಾರದಾ!" ಎಂದರು ಚಿಕ್ಕಮ್ಮ.

*

ತಮ್ಮನದು ಮನೆಗಳಿಗೆ ಬಣ್ಣ ಬಳಿಯುವ ಕೆಲಸ. ಹರೆಯದಲ್ಲಿ ಹಿಡಿದ ಗಾಂಜಾ ಬಿಟ್ಟವನಲ್ಲ. ಒಮ್ಮೆ ಅವನು ಏಣಿಯ ಮೇಲಿದ್ದಾಗ ಅಕ್ಕ ಕೆಳಗಿನಿಂದಲೇ ಬೈದಿದ್ದಳು.

"ಮಿದುಳಿನ ಒಂದೊಂದು ಕೋಶಕ್ಕೂ ಕೊಬ್ಬಿನ ತೆಳು ಪೊರೆ ಇರುತ್ತೆ ಕಣೋ. ಗಾಂಜಾ ನೀರಲ್ಲಿ ಕರಗಲ್ಲ, ಕೊಬ್ಬಲ್ಲಿ ಕರಗುತ್ತೆ. ಸೀದಾ ಹೋಗಿ ಆ ಪೊರೆಯಲ್ಲೇ ಸೇರ್ಕೊಂಡು ಅದನ್ನ ಸಡಿಲ ಮಾಡುತ್ತೆ."

"ಓಹೋ, ಎಣ್ಣೆ ಬಣ್ಣಕ್ಕೆ ಟರ್ಪೆಂಟೈನ್ ಹಾಕಿದಂಗೆ! ಇಷ್ಟು ವರ್ಷ ಸೇದಿದ್ರೆ?"

"ಇಲಿಗೆ ಏನಾಗುತ್ತೆ ಗೊತ್ತು. ಮನುಷ್ಯನದು ಸರಿಯಾಗಿ ಗೊತ್ತಿಲ್ಲ."

"ಹಾಗಾದ್ರೆ ನಾನು ಹೋದ್ಮೇಲೆ ನನ್ನ ತಲೆ ತಗೊಂಡು ನೋಡ್ಕೋ. ಅಲ್ಲೀವರೆಗೆ ಅದನ್ನ ತಿನ್ನೋ ಹಕ್ಕು ಹೆಂಡ್ತಿದು," ಎಂದು ನಕ್ಕಿದ್ದ.

*

"ಕೊನೇ ವರ್ಷ ನನ್ನನ್ನ 'ನೀವ್ಯಾರಮ್ಮಾ' ಅಂತಿದ್ರು," ಹೆಂಡತಿ ಅಕ್ಕನ ಕೈ ಬಿಡದೆ ಹೇಳಿದಳು. "ಆಗೆಲ್ಲ ಎಲ್ಲಿದ್ರಿ? ಊರು ಕೊಳ್ಳೆ ಹೊಡೆದ್ಮೇಲೆ ಕೋಟೆ ಬಾಗಿಲು ಹಾಕೋಕೆ ಬಂದ್ರಾ?"

"ಅದು ಗಾಂಜಾದಿಂದ ಆಯ್ತೋ, ಬೇರೆ ಕಾಯಿಲೆಯಿಂದಲೋ ಗೊತ್ತಾಗಬಹುದು. ನಿನ್ನ ಕಾಲಿಗೆ ಬೀಳ್ತೀನಿ."

ಅಕ್ಕನಿಗೆ ನಾಚಿಕೆಯೆಲ್ಲ ಬಿಟ್ಟುಹೋಗಿತ್ತು. ತಮ್ಮನನ್ನಂತೂ ಉಳಿಸಿಕೊಳ್ಳಲಾಗಲಿಲ್ಲ, ಕಾರಣವಾದರೂ ಬೇಕಿತ್ತು.

ಹೆಂಡತಿ ಗಂಡನ ಮುಖ ನೋಡುತ್ತ ಕೇಳಿದಳು: "ಆ ಪೊರೆ ನೋಡಿದ್ರೆ, ಒಳಗೆ ಎಲ್ಲಾದ್ರೂ ನಾನಿದ್ನಾ ಅಂತ ಗೊತ್ತಾಗುತ್ತಾ?"

ಒಂದು ಸುಳ್ಳು ಸಾಕಿತ್ತು. ಅಕ್ಕನ ನಾಲಗೆಯ ತುದಿಗೂ ಬಂದಿತ್ತು.

"ಇಲ್ಲಮ್ಮಾ. ಅದು ಕಾಣಲ್ಲ."

"ಹಾಗಾದ್ರೆ ಬೇಡ."

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಹೆಂಡತಿ ಚೀಲಗಳನ್ನೆಲ್ಲ ತೆಗೆದು, ಒಳಗಿನಿಂದ ಟವೆಲ್ ತಂದಳು.

"ಒದ್ದೆ ತಲೇಲಿ ಹೇಗೆ ಕಳಿಸೋದು? ಸ್ವಲ್ಪ ಎತ್ತಿ ಹಿಡೀರಿ, ಅತ್ತಿಗೆ."

ಅಕ್ಕ ತಮ್ಮನ ತಲೆಯನ್ನು ಎರಡೂ ಅಂಗೈಗಳಲ್ಲಿ ಎತ್ತಿ ಹಿಡಿದಳು. ಹೆಂಡತಿ ಕಿವಿಯ ಹಿಂದೆ, ಕತ್ತಿನ ಮಡಿಕೆಯಲ್ಲಿ, ಮಗುವಿಗೆ ಒರೆಸಿದ ಹಾಗೆ ಒರೆಸುತ್ತಲೇ ಇದ್ದಳು. ಗಾಡಿಯವನು ಬಾಗಿಲಲ್ಲಿ ಬಂದು ನಿಂತ. ಕೈ ಸೋತರೂ ಅಕ್ಕ ತಲೆಯನ್ನು ಕೆಳಗಿಳಿಸಲಿಲ್ಲ.